ಅಮ್ಮನ ಮಂಡಿ ಆಪರೇಷನ್: ಬೆನ್ನಿಗೆ ಇಂಜೆಕ್ಷನ್ನಾ, ಪೂರ್ತಿ ಅನಸ್ತೇಷಿಯಾನಾ?

ಪ್ರಶ್ನೆ
ಅಮ್ಮನಿಗೆ 74 ವರ್ಷ. ಇನ್ನು ಮೂರು ವಾರಕ್ಕೆ ಮಂಡಿ ಬದಲಾಯಿಸುವ ಆಪರೇಷನ್ ಇದೆ. ಬಿಪಿ ಇದೆ. ಶುಗರ್‌ಗೆ ವಾರಕ್ಕೊಂದು ಸೆಮಾಗ್ಲುಟೈಡ್ ಇಂಜೆಕ್ಷನ್ ತೆಗೆದುಕೊಳ್ಳುತ್ತಾರೆ. ಕಿವಿ ಸ್ವಲ್ಪ ಮಂದ. ಪೂರ್ತಿ ಪ್ರಜ್ಞೆ ತಪ್ಪಿಸಿದರೆ ಮರೆವು ಬರುತ್ತದೆ, ಬೆನ್ನಿಗೇ ಕೊಡಿಸಿ ಅಂತ ನೆಂಟರು ಹೆದರಿಸಿಟ್ಟಿದ್ದಾರೆ. ಅನುಭವ ಇರುವವರು ದಯವಿಟ್ಟು ಹೇಳಿ.

ಅಪ್ಪನ ಜೊತೆ ಆಸ್ಪತ್ರೆಯಲ್ಲಿದ್ದ ಮಗಳು
ನಾವೂ ಇದೇ ಮಾತು ನಂಬಿದ್ದೆವು. ಅಪ್ಪ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದುಕೊಂಡಾಗ ಹಟ ಹಿಡಿದು ಸ್ಪೈನಲ್ಲೇ, ಅಂದರೆ ಬೆನ್ನಿಗೆ ಕೊಡುವ ಇಂಜೆಕ್ಷನ್ನೇ ಕೊಡಿಸಿದೆವು. ಎರಡನೇ ರಾತ್ರಿ ನೋಡಿದರೆ ಹೊದಿಕೆಯಿಂದ ಏನೋ ಆರಿಸಿ ಆರಿಸಿ ಎಸೆಯುತ್ತಿದ್ದಾರೆ. ನನ್ನನ್ನು ಅವರ ಅಕ್ಕ ಅಂದುಕೊಂಡು ಮಾತಾಡಿಸಿದರು. ಡ್ರಿಪ್ ಕೀಳಲು ಹೋದರು. ನನಗಂತೂ ಜೀವವೇ ಹೋದ ಹಾಗಾಯಿತು.

ಇದಕ್ಕೆ ಡೆಲಿರಿಯಂ ಅನ್ನುತ್ತಾರೆ, ವಯಸ್ಸಾದವರಿಗೆ ಆಪರೇಷನ್ ಆದ ಮೇಲೆ ಬರುವುದುಂಟು ಅಂತ ಡಾಕ್ಟರ್ ಹೇಳಿದರು. ಆಮೇಲೆ ಕೂತು ಓದಿದೆ. ಸೊಂಟದ ಮೂಳೆ ಮುರಿದ 1,600 ಜನರ ಮೇಲೆ ನಡೆದ ರಿಗೇನ್ ಅಧ್ಯಯನ 2021ರಲ್ಲಿ ಬಂತು. ಡೆಲಿರಿಯಂ ಬಂದದ್ದು ಸ್ಪೈನಲ್‌ನಲ್ಲಿ ನೂರಕ್ಕೆ ಸುಮಾರು 20, ಪೂರ್ತಿ ಪ್ರಜ್ಞೆ ತಪ್ಪಿಸುವ ಜನರಲ್‌ನಲ್ಲೂ ಸುಮಾರು 20. ಎರಡು ತಿಂಗಳ ಮೇಲೆ ನಡೆಯುವುದರಲ್ಲೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಅದು ಮುರಿದ ಮೂಳೆಯ ಲೆಕ್ಕ, ನಿಮ್ಮಮ್ಮನದು ಮೊದಲೇ ದಿನ ಗೊತ್ತಾದ ಆಪರೇಷನ್. ಹಾಗಾಗಿ ಇಲ್ಲಿಗೆ ನೇರವಾಗಿ ಹೊಂದುವುದಿಲ್ಲ, ಒಪ್ಪುತ್ತೇನೆ. ಆದರೆ ಸ್ಪೈನಲ್ ಕೊಡಿಸಿದರೆ ತಲೆಗೆ ಏನೂ ಆಗಲ್ಲ ಅನ್ನುವ ಧೈರ್ಯ ನನಗೆ ಉಳಿದಿಲ್ಲ. ಅದರ ಜೊತೆಗೂ ಮಂಪರಿನ ಔಷಧಿ ಕೊಡುವುದುಂಟು, ಅದನ್ನೂ ಕೇಳಿ.

ಅಪ್ಪ ಸರಿಹೋಗಿದ್ದು ಮೂರನೇ ದಿನ. ಕಳೆದುಹೋದೀತು ಅಂತ ಅವರ ಕನ್ನಡಕ, ಹಿಯರಿಂಗ್ ಏಡ್ ಎರಡನ್ನೂ ನಾನೇ ಮನೆಯಲ್ಲಿ ಬಿಟ್ಟು ಬಂದಿದ್ದೆ! ನರ್ಸ್ ಬೈದು ತರಿಸಿದರು. ಕಿವಿಗೆ ಹಾಕಿದ ಐದು ನಿಮಿಷಕ್ಕೆ ಅಪ್ಪ, "ಯಾಕಮ್ಮ ಹೀಗೆ ಕಿರುಚುತ್ತಿದ್ದೀಯಾ?" ಅಂದರು. ಅದೊಂದರಿಂದಲೇ ಸರಿಹೋಯಿತು ಅನ್ನಲಾರೆ, ಔಷಧಿಯನ್ನೂ ಬದಲಾಯಿಸಿದ್ದರು. ನಿಮ್ಮಮ್ಮನಿಗೂ ಕಿವಿ ಮಂದ ಅಂದಿರಲ್ಲ, ಅದಕ್ಕೇ ಇಷ್ಟು ಉದ್ದ ಬರೆದೆ.

ಆಪರೇಷನ್ ಥಿಯೇಟರ್ ನರ್ಸ್
ಸ್ಪೈನಲ್ಲೋ ಜನರಲ್ಲೋ ಅನ್ನುವುದಕ್ಕಿಂತ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಆ ವಾರದ ಇಂಜೆಕ್ಷನ್. ಅದು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ಉಪವಾಸ ಇದ್ದರೂ ಹೊಟ್ಟೆಯಲ್ಲಿ ಊಟ ಉಳಿದಿರಬಹುದು. ಪ್ರಜ್ಞೆ ಇಲ್ಲದಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಅಪಾಯ.

2023ರ ಜೂನ್‌ನಲ್ಲಿ ಅಮೆರಿಕದ ಅನಸ್ತೇಷಿಯಾ ಡಾಕ್ಟರುಗಳ ಸಂಘ, ವಾರದ ಡೋಸ್ ಆದರೆ ಆಪರೇಷನ್‌ಗೆ ಒಂದು ವಾರ ಮೊದಲೇ ನಿಲ್ಲಿಸಿ ಅಂದಿತ್ತು. 2024ರ ಅಕ್ಟೋಬರ್‌ನಲ್ಲಿ ಅದೇ ಸಂಘ ಬೇರೆ ಸಂಘಗಳ ಜೊತೆ ಸೇರಿ ಮಾತು ಬದಲಿಸಿತು. ಹೆಚ್ಚಿನವರು ಮುಂದುವರಿಸಬಹುದು, ಯಾರಿಗೆ ಅಪಾಯ ಜಾಸ್ತಿ ಅಂತ ನೋಡಿ ತೀರ್ಮಾನಿಸಿ ಅಂತ. ಡೋಸ್ ಏರಿಸುತ್ತಿರುವವರು, ವಾಕರಿಕೆ ವಾಂತಿ ಇರುವವರು ಜಾಸ್ತಿ ಎಚ್ಚರವಾಗಿರಬೇಕು. ಅಂಥವರಿಗೆ ಹಿಂದಿನ 24 ಗಂಟೆ ಬರೀ ದ್ರವ ಆಹಾರ ಹೇಳುತ್ತಾರೆ. ಅನುಮಾನ ಬಂದರೆ ಆ ದಿನ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿ ನೋಡುತ್ತಾರೆ. ಅಮ್ಮ ತೆಗೆದುಕೊಳ್ಳುವುದು ಶುಗರ್‌ಗೆ, ನೀವೇ ನಿಲ್ಲಿಸಬೇಡಿ. ಶುಗರ್ ಡಾಕ್ಟರ್, ಅನಸ್ತೇಷಿಯಾ ಡಾಕ್ಟರ್ ಇಬ್ಬರನ್ನೂ ಈ ವಾರವೇ ಕೇಳಿ.

ಹಾಗೇ ಮಾತ್ರೆಗಳ ಹೆಸರು ನೋಡಿ. 'ಗ್ಲಿಫ್ಲೋಜಿನ್' ಅಂತ ಕೊನೆಯಾಗುವ ಶುಗರ್ ಮಾತ್ರೆ ಇದ್ದರೆ ಅದನ್ನೂ ಹೇಳಲೇಬೇಕು. ಅವನ್ನು ಸಾಮಾನ್ಯವಾಗಿ ಮೂರ್ನಾಲ್ಕು ದಿನ ಮುಂಚೆಯೇ ನಿಲ್ಲಿಸುತ್ತಾರೆ.

ಹರ್ನಿಯಾ ಮಾಡಿಸಿಕೊಂಡವನು
ಉಪವಾಸದ ಬಗ್ಗೆ ಒಂದು ಮಾತು. ನನಗೆ ರಾತ್ರಿ ಹತ್ತರಿಂದ ಒಂದು ಹನಿ ನೀರೂ ಬೇಡ ಅಂದರು. ಬೆಳಿಗ್ಗೆ ಎಂಟಕ್ಕಿದ್ದ ಆಪರೇಷನ್ ಮಧ್ಯಾಹ್ನ ಮೂರಕ್ಕೆ ಹೋಯಿತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು, ಸೂಜಿ ಹಾಕಲು ರಕ್ತನಾಳ ಸಿಗದೆ ನಾಲ್ಕು ಕಡೆ ಚುಚ್ಚಿದರು. ಆಮೇಲೆ ತಿಳಿಯಿತು, ಲಘು ಊಟಕ್ಕೆ 6 ಗಂಟೆ, ಜಿಡ್ಡಿನ ಊಟಕ್ಕೆ 8 ಗಂಟೆ, ಬರೀ ನೀರಿಗೆ 2 ಗಂಟೆ ಬಿಡುವಿದ್ದರೆ ಸಾಕು ಅನ್ನುವ ನಿಯಮ ಎಷ್ಟೋ ವರ್ಷದಿಂದ ಇದೆ. ಟೈಮ್ ಮುಂದೆ ಹೋದರೆ "ಈಗ ನೀರು ಕೊಡಬಹುದಾ?" ಅಂತ ಕೇಳಿ, ಸುಮ್ನೆ ಕೂರಬೇಡಿ. ಹೊಟ್ಟೆ ನಿಧಾನ ಇರುವವರಿಗೆ ಈ ಲೆಕ್ಕ ಬೇರೆ, ಅಮ್ಮನ ವಿಷಯದಲ್ಲಿ ಡಾಕ್ಟರ್ ಹೇಳಿದ್ದೇ ಸರಿ.

ಪ್ರಶ್ನೆ ಕೇಳಿದವರು
ತುಂಬಾ ಥ್ಯಾಂಕ್ಸ್. ಅಮ್ಮ ಡೋಸ್ ಏರಿಸಿ ಇನ್ನೂ ಹದಿನೈದು ದಿನವೂ ಆಗಿಲ್ಲ! ನಾಳೆಯೇ ಫೋನ್ ಮಾಡುತ್ತೇನೆ. ಅಂದ ಹಾಗೆ, ನೋವಿಗೆ ಕಾಲಿಗೆ ಬ್ಲಾಕ್ ಕೊಡುತ್ತೇವೆ ಅಂದಿದ್ದಾರೆ. ಅದು ಹೇಗೆ?

ಆಪರೇಷನ್ ಥಿಯೇಟರ್ ನರ್ಸ್
ಒಳ್ಳೆಯದೇ. ಅಲ್ಟ್ರಾಸೌಂಡ್ ನೋಡಿಕೊಂಡು ನರದ ಪಕ್ಕ ಮರಗಟ್ಟಿಸುವ ಔಷಧಿ ಬಿಡುತ್ತಾರೆ. ನೋವಿನ ಜೋರು ಔಷಧಿ ಕಡಿಮೆ ಸಾಕಾಗುತ್ತದೆ. ಈಗ ತೊಡೆಯ ಬಲ ಆದಷ್ಟು ಉಳಿಯುವಂಥ ಬ್ಲಾಕ್‌ಗಳೂ ಇವೆ. ಆದರೂ ನೋವಿಲ್ಲ ಅಂತ ಅಮ್ಮ ರಾತ್ರಿ ಒಬ್ಬರೇ ಬಾತ್‌ರೂಮಿಗೆ ಎದ್ದಾರು. ಕರೆಗಂಟೆ ಕೈಗೆ ಸಿಗುವ ಹಾಗೆ ಇಡಿ. ಹಿಯರಿಂಗ್ ಏಡ್‌ಗೆ ಹೊಸ ಬ್ಯಾಟರಿ ಹಾಕಿಸಿ.