ಕಗ್ಗ ಭತ್ತದ ಬೀಜ ಬೇಕು, ಸಹಾಯ ಮಾಡಿ

ಎಲ್ಲರಿಗೂ ನಮಸ್ಕಾರ, ಕುಮಟಾ ಕಡೆ ಅಘನಾಶಿನಿ ಹಿನ್ನೀರಿನ ಗಜನಿ ಗದ್ದೆ (ಉಪ್ಪುನೀರು ನುಗ್ಗೋ ತಗ್ಗು ಗದ್ದೆ) ನಮ್ದು, ಅಜ್ಜಿ ಕಾಲದಿಂದ ಕಗ್ಗನೇ ಬಿತ್ತೋದು, ಉಪ್ಪುನೀರು ನುಗ್ಗಿದ್ರೂ ನೆರೆ ಬಂದು ನಾಲ್ಕು ದಿನ ಮುಳುಗಿದ್ರೂ ತಡ್ಕೊಳೋ ಭತ್ತ ಅದು, ಗೊಬ್ಬರಾನೂ ಬೇಡ.

ಈ ಸಲ ಬೀಜ ಕಟ್ಟಿಟ್ಟ ಹುಲ್ಲಿನ ಮುಡಿಗೆ ತೇವ ಹಿಡಿದುಬಿಟ್ಟಿದೆ, ಒದ್ದೆ ಬಟ್ಟೇಲಿ 100 ಕಾಳು ಕಟ್ಟಿಟ್ಟು ನೋಡಿದ್ರೆ 11 ಮಾತ್ರ ಮೊಳಕೆ ಒಡೆದಿದೆ, ಉಳಿದದ್ದು ಕಪ್ಪಾಗಿ ಮುಗ್ಗಲು ವಾಸನೆ. ಅಕ್ಕಪಕ್ಕದವ್ರೆಲ್ಲಾ ಸಿಗಡಿ ಕೃಷಿಗೆ ಹೋಗಿದಾರೆ, ಕೇಳೋಣ ಅಂದ್ರೆ ಯಾರ ಹತ್ರನೂ ಇಲ್ಲ.

ಯಾರತ್ರ ಆದ್ರೂ ಬೆರಕೆ ಇಲ್ಲದ ಕಗ್ಗ ಇದ್ರೆ ದಯವಿಟ್ಟು ಹೇಳಿ, 5 ಕೆಜಿ ಸಿಕ್ರೂ ಸಾಕು, ದುಡ್ಡು ಕೊಡ್ತೀನಿ ಇಲ್ಲಾಂದ್ರೆ ಸುಗ್ಗಿಲಿ ಎರಡರಷ್ಟು ಬೀಜ ವಾಪಸ್ ಕೊಡ್ತೀನಿ. ಸಮುದ್ರ ಏರ್ತಿರೋ ಕಾಲದಲ್ಲಿ ಇಂಥ ತಳಿ ಕಳ್ಕೊಂಡ್ರೆ ಮತ್ತೆಲ್ಲಿಂದ ತರೋದು? ಮಳೆ ಹಿಡಿಯೋದ್ರೊಳಗೆ ಬೇಕಿತ್ತು.