ಮದುವೆವರೆಗೂ ಯಾಕೆ ಕಾಯಬಾರದು ಅಂದ್ರೆ

ಅಕ್ಕ, ಟೈಪ್ ಮಾಡ್ತಾ ಕೂತ್ರೆ ಇವತ್ತಿಗೆ ಮುಗಿಯಲ್ಲ, ಅದಕ್ಕೆ ಮಾತಾಡೇ ಕಳಿಸ್ತಿದ್ದೀನಿ. ಸ್ವಲ್ಪ ಉದ್ದ ಆಗತ್ತೆ, ಎಲ್ಲರೂ ಕೊನೆವರೆಗೂ ಕೇಳಿ. ಚಿಕ್ಕಪ್ಪ, ನೀವಂತೂ ಕೇಳಲೇಬೇಕು.

ನೀನು ಕೇಳಿದ್ದು ಇಷ್ಟು. ಪುಟ್ಟಿಗೆ 13 ತುಂಬಿತು, ಡಾಕ್ಟರು ಎಚ್‌ಪಿವಿ ಲಸಿಕೆ, ಅಂದ್ರೆ ಗರ್ಭಕೊರಳಿಗೆ, ಗರ್ಭಕೋಶದ ಬಾಯಿಗೆ, ಕ್ಯಾನ್ಸರ್ ತರೋ ಎಚ್‌ಪಿವಿ ಅನ್ನೋ ವೈರಸ್ಸನ್ನ ತಡೆಯೋ ಲಸಿಕೆ ಹಾಕಿಸಿ ಅಂದ್ರು, ಇಷ್ಟು ಚಿಕ್ಕ ಹುಡುಗಿಗೆ ಈಗ್ಲೇ ಯಾಕೆ, ಮದುವೆ ಹೊತ್ತಿಗೆ ನೋಡ್ಕೊಂಡ್ರಾಗಲ್ವಾ ಅಂತ. ಅದರ ಕೆಳಗೇ ಚಿಕ್ಕಪ್ಪ ಒಂದು ಫಾರ್ವರ್ಡ್ ಹಾಕಿದ್ದಾರೆ, ಈ ಸೂಜಿ ಚುಚ್ಚಿಸ್ಕೊಂಡ್ರೆ ಮಕ್ಕಳಾಗಲ್ಲ ಅಂತ.

ಮೊದಲು ನಿನ್ನ ಪ್ರಶ್ನೆ. ಈ ಲಸಿಕೆ ಬಂದ ಕಾಯಿಲೆಗೆ ಔಷಧಿ ಅಲ್ಲ. ಒಳಗೆ ಬಂದು ಕೂತ ವೈರಸ್ಸನ್ನ ಇದು ಓಡಿಸಲ್ಲ, ಬರೋದನ್ನ ಮಾತ್ರ ತಡೆಯತ್ತೆ. ಹಾಗಾಗಿ ವೈರಸ್ ಬರೋಕೆ ಮುಂಚೆ ಹಾಕಿಸಿದ್ರೇನೇ ಪೂರ್ತಿ ಲಾಭ. ಎಚ್‌ಪಿವಿ ಹರಡೋದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ. ಮುಜುಗರ ಪಡಬೇಡಿ, ಮನೆಯವರೇ ಇರೋ ಗ್ರೂಪು. ಚರ್ಮಕ್ಕೆ ಚರ್ಮ ತಾಗಿದ್ರೂ ಹರಡತ್ತೆ, ಅದಕ್ಕೇ ಕಾಂಡೋಮ್ ಕೂಡ ಇದನ್ನ ಪೂರ್ತಿ ತಡೆಯಲ್ಲ. ಎಷ್ಟು ಸಾಮಾನ್ಯ ಅಂದ್ರೆ, ಸಂಸಾರ ಮಾಡೋ ಬಹುತೇಕ ಎಲ್ಲರಿಗೂ ಒಂದಲ್ಲ ಒಂದು ಕಾಲಕ್ಕೆ ಬಂದು ಹೋಗಿರತ್ತೆ. ಜೀವನದಲ್ಲಿ ಒಬ್ಬರ ಜೊತೆಗೇ ಇದ್ದವರಿಗೂ ಬರತ್ತೆ. ಇದಕ್ಕೆ ನಡತೆ ಲೆಕ್ಕ ಹಾಕೋದನ್ನ ದಯವಿಟ್ಟು ಬಿಡಿ.

ಬಂದಿದ್ದು ಬಹಳಷ್ಟು ಜನರಲ್ಲಿ ಒಂದೆರಡು ವರ್ಷದಲ್ಲಿ ತಾನಾಗೇ ಹೋಗ್ಬಿಡತ್ತೆ. ಹೋಗದೆ ಉಳ್ಕೊಂಡಿದ್ದೇ ತೊಂದರೆ ಕೊಡೋದು. ಈ ವೈರಸ್ಸಲ್ಲಿ 200ಕ್ಕೂ ಹೆಚ್ಚು ಬಗೆ ಇವೆ, ಅದರಲ್ಲಿ 16 ಮತ್ತು 18 ಅನ್ನೋ ನಂಬರಿನ ಎರಡೇ ಬಗೆಯಿಂದ ಗರ್ಭಕೊರಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು 70% ಬರತ್ತೆ. ಅದೂ ತಕ್ಷಣ ಅಲ್ಲ. 15, 20 ವರ್ಷ ಸದ್ದಿಲ್ಲದೆ ಕೂತಿರತ್ತೆ, ನೋವಿಲ್ಲ, ಏನಿಲ್ಲ. ಅಂದ್ರೆ ಇವತ್ತಿನ ಸೂಜಿ ಈಗಿರೋ ಪುಟ್ಟಿಗಿಂತ ಮೂವತ್ತು ದಾಟಿದ ಪುಟ್ಟಿಗೆ ಕೆಲಸಕ್ಕೆ ಬರೋದು.

ವಯಸ್ಸು ಎಷ್ಟು ಮುಖ್ಯ ಅನ್ನೋದಕ್ಕೆ ಇಂಗ್ಲೆಂಡಿನ ಲೆಕ್ಕ ಹೇಳ್ತೀನಿ, ಇದನ್ನ ಬೇಕಾದ್ರೆ ಬರ್ಕೋ. ಅಲ್ಲಿ 2008ರಲ್ಲಿ ಹುಡುಗಿಯರಿಗೆ ಶುರು ಮಾಡಿದ್ರು. 2021ರಲ್ಲಿ ಬಂದ ಅಧ್ಯಯನದಲ್ಲಿ, 12, 13ನೇ ವಯಸ್ಸಿಗೆ ಲಸಿಕೆ ಸಿಕ್ಕಿದ ತಂಡದಲ್ಲಿ ಗರ್ಭಕೊರಳಿನ ಕ್ಯಾನ್ಸರ್ 87% ಕಮ್ಮಿ ಆಗಿತ್ತು. 14ರಿಂದ 16ರಲ್ಲಿ ಸಿಕ್ಕಿದವರಿಗೆ 62%. 16ರಿಂದ 18ರಲ್ಲಿ ಸಿಕ್ಕಿದವರಿಗೆ ಬರೀ 34%. ಅದೇ ಲಸಿಕೆ ಅಕ್ಕ, ನಾಲ್ಕೈದು ವರ್ಷ ತಡ ಆಗಿದ್ದಕ್ಕೆ ಇಷ್ಟು ವ್ಯತ್ಯಾಸ. ಸ್ಕಾಟ್ಲೆಂಡಿನಲ್ಲಿ 12, 13ಕ್ಕೆ ಹಾಕಿಸ್ಕೊಂಡ ಹುಡುಗಿಯರನ್ನ ಹುಡುಕಿ ನೋಡಿದ್ರೆ ಮೇಲ್ಪದರ ದಾಟಿ ಒಳಗಿಳಿದ ಗರ್ಭಕೊರಳಿನ ಕ್ಯಾನ್ಸರ್ ಒಂದೂ ಸಿಗಲಿಲ್ಲ, ಅದು 2024ರ ವರದಿ. ಮದುವೆ ಹೊತ್ತಿಗೆ ಅಂತ ನೀನಂದಿದ್ದಕ್ಕೆ ಇದೇ ನನ್ನ ಉತ್ತರ.

ಚಿಕ್ಕ ವಯಸ್ಸಲ್ಲಿ ಮೈ ಇದಕ್ಕೆ ಸ್ಪಂದಿಸೋದೂ ಜೋರಾಗಿರತ್ತೆ, ಅದಕ್ಕೇ ಡೋಸೂ ಕಮ್ಮಿ. 9ರಿಂದ 20 ವರ್ಷದವರಿಗೆ ಒಂದು ಅಥವಾ ಎರಡು ಡೋಸ್ ಅಂತ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. 21 ದಾಟಿದ ಹೆಂಗಸರಿಗೆ ಎರಡು. ರೋಗನಿರೋಧಕ ಶಕ್ತಿ ಕುಂದಿದವರಿಗೆ, ಎಚ್‌ಐವಿ ಇರೋರಿಗೆ, ಸಾಧ್ಯ ಆದ್ರೆ ಮೂರು. ಕೆಲವು ದೇಶದಲ್ಲಿ 15 ದಾಟಿದವರಿಗೂ ಮೂರು ಕೊಡ್ತಾರೆ, ನಿಮ್ಮ ಡಾಕ್ಟರು ಹೇಳಿದ ಹಾಗೆ ಮಾಡಿ.

ಈಗ ಚಿಕ್ಕಪ್ಪ, ನಿಮ್ಮ ಫಾರ್ವರ್ಡು. ಆ ಲಸಿಕೆಯೊಳಗೆ ವೈರಸ್ಸೇ ಇಲ್ಲ. ವೈರಸ್ಸಿನ ಹೊರಕವಚದ ಒಂದು ಪ್ರೋಟೀನು ಇದೆ, ಅಷ್ಟೇ. ಒಳಗಡೆ ಡಿಎನ್‌ಎ ಇಲ್ಲ, ಕಾಳಿಲ್ಲದ ಜೊಳ್ಳು ಅಂದ್ಕೊಳ್ಳಿ, ಬಿತ್ತಿದ್ರೆ ಹುಟ್ಟಲ್ಲ. ಮೈ ಆ ಜೊಳ್ಳನ್ನ ನೋಡಿ ಗುರುತಿಟ್ಕೊಳತ್ತೆ. 2006ರಿಂದ ಎಷ್ಟೋ ದೇಶಗಳಲ್ಲಿ ಕೋಟಿಗಟ್ಟಲೆ ಹೆಣ್ಣುಮಕ್ಕಳಿಗೆ ಕೊಟ್ಟಿದ್ದಾರೆ, ಇದರಿಂದ ಬಂಜೆತನ ಬರತ್ತೆ ಅಂತ ಎಲ್ಲೂ ಸಾಬೀತಾಗಿಲ್ಲ. ನಿಜ ಹೇಳಬೇಕಂದ್ರೆ ಮಕ್ಕಳಾಗೋದಕ್ಕೆ ಕಲ್ಲು ಹಾಕೋದು ಆ ಕ್ಯಾನ್ಸರ್ರು. ಗರ್ಭಕೋಶ ತೆಗೀಬೇಕಾಗತ್ತೆ, ರೇಡಿಯೇಷನ್ ಕೊಟ್ರೆ ಅಂಡಾಶಯ ಕೆಲಸ ನಿಲ್ಲಿಸತ್ತೆ. ಅಂಥವರ ಪಕ್ಕ ಡ್ಯೂಟಿ ಮಾಡಿದವಳು ನಾನು, ಇಂಥ ಮೆಸೇಜ್ ನೋಡಿದ್ರೆ ನನಗೆ ಸಿಟ್ಟು ಬರತ್ತೆ, ಬೇಜಾರು ಮಾಡ್ಕೋಬೇಡಿ.

ಜಪಾನಿನಲ್ಲಿ ಆಗಿದ್ದೂ ಇದೇ. 2013ರಲ್ಲಿ ಲಸಿಕೆಯಿಂದ ಏನೇನೋ ತೊಂದರೆ ಬರತ್ತೆ ಅಂತ ಟೀವಿ, ಪೇಪರುಗಳಲ್ಲಿ ಗುಲ್ಲೆದ್ದು, ಸರ್ಕಾರ ಶಿಫಾರಸು ಮಾಡೋದನ್ನೇ ನಿಲ್ಲಿಸ್ತು. ಸುಮಾರು 70% ಹುಡುಗಿಯರು ಹಾಕಿಸ್ಕೊಳ್ತಿದ್ದಿದ್ದು 1%ಗಿಂತ ಕೆಳಗೆ ಬಿತ್ತು. ಆಮೇಲೆ ನಗೋಯಾ ಊರಲ್ಲಿ ಸುಮಾರು 30 ಸಾವಿರ ಯುವತಿಯರನ್ನ ಕೇಳಿ ಪರೀಕ್ಷಿಸಿದ್ರೆ, ಲಸಿಕೆಗೂ ಜನ ಹೇಳ್ತಿದ್ದ ಆ ತೊಂದರೆಗಳಿಗೂ ಸಂಬಂಧ ಕಾಣಲಿಲ್ಲ. ಮತ್ತೆ ಶಿಫಾರಸು ಶುರುವಾಗಿದ್ದು 2022ರಲ್ಲಿ. ನಡುವೆ ಕಳೆದ ವರ್ಷಗಳಲ್ಲಿ ಬೆಳೆದ ಹುಡುಗಿಯರಿಗೆ ಆ ವಯಸ್ಸು ವಾಪಸ್ ಬರಲ್ವಲ್ಲ.

ಹಾಗಂತ ಏನೂ ಆಗಲ್ಲ ಅಂತಾನೂ ಹೇಳಲ್ಲ. ತೋಳು ನೋಯತ್ತೆ, ಊದ್ಕೊಳತ್ತೆ, ಕೆಲವರಿಗೆ ಸಣ್ಣ ಜ್ವರ, ತಲೆನೋವು. ಈ ವಯಸ್ಸಿನ ಮಕ್ಕಳು ಸೂಜಿ ಚುಚ್ಚಿದ ತಕ್ಷಣ ತಲೆಸುತ್ತಿ ಬೀಳೋದುಂಟು, ಅದಕ್ಕೇ ಒಂದು 15 ನಿಮಿಷ ಅಲ್ಲೇ ಕೂರಿಸ್ಕೊಳ್ಳಿ. ಬಸುರಿಯರಿಗೆ ಕೊಡಲ್ಲ, ಹೆರಿಗೆ ಆದ ಮೇಲೆ ಹಾಕಿಸ್ಕೋಬಹುದು. ಹಾಲೂಡಿಸೋ ತಾಯಂದಿರಿಗೆ ತೊಂದರೆ ಇಲ್ಲ.

ಭಾವ, ನೀವು ಮಗನ ವಿಷಯ ಕೇಳಿದ್ರಲ್ಲ, ಗಂಡುಮಕ್ಕಳಿಗೆ ಗರ್ಭಕೊರಳೇ ಇಲ್ಲವಲ್ಲ ಅಂತ. ಗಂಟಲಿದೆಯಲ್ಲ! ಗಂಟಲಿನ ಹಿಂಭಾಗದ ಕ್ಯಾನ್ಸರ್, ಗುದದ್ದು, ಶಿಶ್ನದ್ದು, ಇವುಗಳಲ್ಲೂ ಈ ವೈರಸ್ಸಿನ ಪಾಲಿದೆ. ಗುಪ್ತಾಂಗದ ಮೇಲೆ ಏಳೋ ನರುಲಿಗಳಲ್ಲಿ ಸುಮಾರು 90% ಬರೋದು 6, 11ನೇ ಬಗೆಯಿಂದ, ಕೆಲವು ಲಸಿಕೆಗಳು ಅದನ್ನೂ ತಡೆಯತ್ತವೆ. ಹೆಂಗಸರಿಗಾದ್ರೆ ಮೊದಲೇ ಪತ್ತೆ ಮಾಡೋ ಟೆಸ್ಟಿದೆ, ಗಂಡಸರ ಗಂಟಲಿಗೆ ಅಂಥ ಟೆಸ್ಟಿಲ್ಲ. ಆಸ್ಟ್ರೇಲಿಯಾದಲ್ಲಿ 2013ರಿಂದ ಹುಡುಗರಿಗೂ ಹಾಕ್ತಿದ್ದಾರೆ. ಹೋಗ್ತಾ ಇಬ್ಬರನ್ನೂ ಕರ್ಕೊಂಡು ಹೋಗಿ.

ಅತ್ತಿಗೆ, ನಿಮಗೆ 38, ಈಗ ಹಾಕಿಸ್ಕೊಂಡು ಪ್ರಯೋಜನ ಇದೆಯಾ ಅಂದ್ರಿ. 26ರ ಒಳಗೆ ತಪ್ಪಿಸ್ಕೊಂಡವರಿಗೆ ನಾನು ಯೋಚನೆ ಮಾಡದೆ ಹಾಕಿಸ್ಕೊಳ್ಳಿ ಅಂತೀನಿ. ಅಮೆರಿಕದಲ್ಲಿ 45 ವರ್ಷದವರೆಗೂ ಅನುಮತಿ ಇದೆ, ಆದ್ರೆ ಈ ವಯಸ್ಸಲ್ಲಿ ಲಾಭ ಕಮ್ಮಿ, ಯಾಕಂದ್ರೆ ಕೆಲವು ಬಗೆ ಆಗ್ಲೇ ಬಂದು ಹೋಗಿರಬಹುದು. ಬರದೆ ಇರೋ ಬಗೆಗಳಿಂದ ರಕ್ಷಣೆ ಸಿಗತ್ತೆ. ಅದನ್ನ ಡಾಕ್ಟರ ಹತ್ರ ಕೂತು ಮಾತಾಡಿ. ಅದಕ್ಕಿಂತ ಮೊದಲು ನೀವು ಮಾಡಿಸಬೇಕಾದ್ದು ಗರ್ಭಕೊರಳಿನ ಎಚ್‌ಪಿವಿ ಟೆಸ್ಟ್. 30 ದಾಟಿದ ಮೇಲೆ 5ರಿಂದ 10 ವರ್ಷಕ್ಕೊಮ್ಮೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ. ಲಸಿಕೆ ಆಗಿದ್ರೂ ಈ ಟೆಸ್ಟ್ ಬಿಡೋ ಹಾಗಿಲ್ಲ, ಕ್ಯಾನ್ಸರ್ ತರೋ ಎಲ್ಲಾ ಬಗೆಗೂ ಲಸಿಕೆಯಲ್ಲಿ ಜಾಗ ಇಲ್ಲ.

ಅಕ್ಕ, ಪುಟ್ಟಿಗೆ ಹಿಂದೆ ಯಾವುದಾದ್ರೂ ಲಸಿಕೆಗೆ ಜೋರಾಗಿ ಅಲರ್ಜಿ ಆಗಿತ್ತಾ, ಬ್ರೆಡ್ಡಿಗೆ ಹಾಕೋ ಯೀಸ್ಟ್ ಏನಾದ್ರೂ ಮೈಗೆ ಆಗಲ್ವಾ ಅಂತ ನೆನಪು ಮಾಡ್ಕೊಂಡು ಡಾಕ್ಟರಿಗೆ ಮೊದಲೇ ಹೇಳು. ಹಳೇ ಲಸಿಕೆ ಕಾರ್ಡು ಸಿಕ್ಕಿದ್ರೆ ಫೋಟೋ ತೆಗೆದು ನನಗೆ ಹಾಕು, ರಾತ್ರಿ ನೋಡ್ತೀನಿ.