ಓರ್ಕ್ ಕುಲಕ್ಕೆ ಮೂಲಕಥೆ ಮೊದಲೋ, ಊಟದ ಲೆಕ್ಕ ಮೊದಲೋ?

ಪ್ರಶ್ನೆ: ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ತರಹದ, ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಆಟದ ಮುಂದಿನ ಕ್ಯಾಂಪೇನ್‌ಗೆ (ಹಲವು ದಿನ ಮುಂದುವರಿಯುವ ಕಥೆಗೆ) ಓರ್ಕ್, ನೋಲ್, ಕೊಬೋಲ್ಡ್ ಎಂಬ ಮೂರು ರಕ್ಕಸ ಕುಲಗಳನ್ನೂ ಹೊಸದಾಗಿ ಕಟ್ಟಬೇಕು. ‘ದುಷ್ಟ ದೇವರು ಹುಟ್ಟಿಸಿದ, ಅದಕ್ಕೇ ದುಷ್ಟರು’ ಎಂದು ಬರೆದ ಕೂಡಲೇ ಕಥೆ ನಿಂತುಬಿಡುತ್ತದೆ, ಅದರಿಂದ ಸಮಾಜ ಹುಟ್ಟುವುದಿಲ್ಲ. ಬಲ್ಲವರು ಎಲ್ಲಿಂದ ಶುರು ಮಾಡುತ್ತೀರಿ? ಎಲ್ಲಿ ಎಡವುತ್ತಾರೆ?

* * *

ಉತ್ತರ 1: ದೇವರು ಕೊನೆಗಿರಲಿ. ಮೊದಲು ತಲೆ ಎಣಿಸಿ, ಆಮೇಲೆ ಹೊಟ್ಟೆ.

ಗುಹೆಯಲ್ಲಿ 50 ಓರ್ಕ್ ಯೋಧರಿದ್ದಾರೆ ಎಂದರೆ ಮಕ್ಕಳು, ಮುದುಕರು, ಬಸುರಿ ಬಾಣಂತಿಯರು ಸೇರಿ ಕುಲ ಸುಮಾರು 200. ತಲೆಗೆ ದಿನಕ್ಕೆ ಸರಾಸರಿ 3,000 ಕ್ಯಾಲೊರಿ ಹಿಡಿಯಿರಿ. 50 ಕಿಲೋ ಜಿಂಕೆಯಲ್ಲಿ ತಿನ್ನಲು ಸಿಗುವ ಮಾಂಸ 25 ಕಿಲೋ, ಹೆಚ್ಚುಕಡಿಮೆ 30,000 ಕ್ಯಾಲೊರಿ. ಹತ್ತು ಮಂದಿಗೆ ಒಂದು ದಿನಕ್ಕೆ ಸರಿಹೋಯಿತು. ಅಲ್ಲಿಗೆ ಕುಲಕ್ಕೆ ದಿನಕ್ಕೆ 20 ಜಿಂಕೆ, ವರ್ಷಕ್ಕೆ 7,300. ಚದರ ಕಿ.ಮೀ.ಗೆ 10 ಜಿಂಕೆ ಇವೆ, ವರ್ಷಕ್ಕೆ ಕಾಲು ಭಾಗ ಹೊಡೆದರೂ ಹಿಂಡು ಉಳಿಯುತ್ತದೆ ಎಂದು ಧಾರಾಳವಾಗಿ ಒಪ್ಪಿಕೊಂಡರೂ 2,900 ಚದರ ಕಿ.ಮೀ. ಕಾಡು ಬೇಕು. ಅಂದರೆ 54 ಕಿ.ಮೀ. ಉದ್ದ, ಅಷ್ಟೇ ಅಗಲ. ನಿಮ್ಮ ನಕ್ಷೆಯಲ್ಲಿ ಗುಹೆಯಿಂದ ಹಳ್ಳಿಗೆ ಅರ್ಧ ದಿನದ ದಾರಿ ತಾನೇ? ಹಾಗಾದರೆ ಇವರು ಬರೀ ಬೇಟೆಯಿಂದ ಬದುಕಿಲ್ಲ.

ಈಗ ಆರಿಸಿ: ಹಂದಿ ಸಾಕುತ್ತಾರೋ, ಅಣಬೆ ಬೆಳೆಯುತ್ತಾರೋ, ಕಣಿವೆಯಲ್ಲಿ ಸುಂಕ ಎತ್ತುತ್ತಾರೋ? ಹಂದಿ ಎಂದಿರಾದರೆ, ತಪ್ಪಿಸಿಕೊಂಡ ಹಂದಿ ಯಾರದು ಎಂಬ ಜಗಳ ಬಂತು, ಕಿವಿ ಕತ್ತರಿಸಿ ಗುರುತು ಹಾಕುವ ಪದ್ಧತಿ ಬಂತು, ತೀರ್ಪು ಹೇಳುವ ಮುದುಕಿ ಬಂದಳು. ‘ಲೂಟಿ ಮಾಡಿ ತಿನ್ನುತ್ತಾರೆ’ ಎಂಬ ಸುಲಭದ ಉತ್ತರದಲ್ಲೇ ಹೆಚ್ಚಿನವರು ಎಡವುವುದು. ಲೂಟಿಯನ್ನೇ ನಂಬಿದ ಕುಲಕ್ಕೆ ಆ ಹಳ್ಳಿ ಮುಂದಿನ ಸುಗ್ಗಿಗೂ ಬದುಕಿರಬೇಕು. ಎರಡು ಮೂರು ವರ್ಷದಲ್ಲಿ ಲೂಟಿ ಹೋಗಿ ಕಪ್ಪ ಆಗುತ್ತದೆ, ಕಪ್ಪಕ್ಕೆ ಲೆಕ್ಕ ಇಡುವವನು ಬೇಕಾಗುತ್ತಾನೆ.

* * *

ಉತ್ತರ 2: ನೋಲ್ ಬಗ್ಗೆ. 1974ರ ಮೊದಲ ಡಂಜನ್ಸ್ ಆಂಡ್ ಡ್ರ್ಯಾಗನ್ಸ್‌ನಲ್ಲಿ ನೋಲ್ ಎಂದರೆ ನೋಮ್ (ಕುಳ್ಳ ಜನ) ಮತ್ತು ಟ್ರೋಲ್ (ದೈತ್ಯ) ಬೆರಕೆ. ಕತ್ತೆಕಿರುಬದ ಮೋರೆ ಅಂಟಿದ್ದು ಆಮೇಲೆ. ಮೋರೆ ತಂದಮೇಲೆ ಉಳಿದದ್ದನ್ನೂ ತನ್ನಿ. ಚುಕ್ಕೆ ಕತ್ತೆಕಿರುಬಗಳಲ್ಲಿ ಹೆಣ್ಣೇ ದೊಡ್ಡದು, ಯಜಮಾನಿಕೆಯೂ ಅದರದೇ. ತಾಯಿಯ ಅಂತಸ್ತು ಮರಿಗೆ ಬರುತ್ತದೆ. ಗಂಡು ಬೆಳೆದ ಮೇಲೆ ಸಾಮಾನ್ಯವಾಗಿ ಹುಟ್ಟಿದ ಗುಂಪು ಬಿಟ್ಟು ಇನ್ನೊಂದು ಗುಂಪು ಸೇರಿ, ಕಟ್ಟಕಡೆಯ ಸ್ಥಾನದಿಂದ ಶುರು ಮಾಡುತ್ತದೆ. ಮರಿಗಳು ಹುಟ್ಟುವಾಗಲೇ ಕಣ್ಣು ತೆರೆದಿರುತ್ತವೆ, ಹಲ್ಲು ಮೂಡಿರುತ್ತವೆ.

ಇದನ್ನು ಹಾಗೇ ಆಟಕ್ಕೆ ಇಳಿಸಿದರೆ, ಪಾರ್ಟಿಗೆ (ಆಟಗಾರರ ಪಾತ್ರಗಳ ತಂಡಕ್ಕೆ) ದಾರಿಯಲ್ಲಿ ಎದುರಾಗುವ ಗಂಡು ನೋಲ್‌ಗಳು ಬಹುಪಾಲು ಮನೆಅಳಿಯಂದಿರು. ಅವರಲ್ಲೇ ದಢೂತಿಯವನನ್ನು ಒತ್ತೆ ಹಿಡಿದರೆ ಬಿಡಿಸಿಕೊಳ್ಳಲು ಯಾರೂ ಬರುವುದಿಲ್ಲ. ಮಾತು ನಡೆಯಬೇಕಾದದ್ದು ಅಜ್ಜಿಯ ಹತ್ತಿರ. ಇನ್ನೊಂದು: ಕತ್ತೆಕಿರುಬ ಎಲುಬನ್ನೂ ಅಗಿದು ಜೀರ್ಣಿಸಿಕೊಳ್ಳುತ್ತದೆ, ಹಿಕ್ಕೆ ಒಣಗಿದರೆ ಸುಣ್ಣದ ಹಾಗೆ ಬಿಳಿ. ನೋಲ್ ಬೀಡಿನ ಸುತ್ತ ಎಲುಬಿನ ರಾಶಿ ವರ್ಣಿಸುವ ಬದಲು ಈ ಬಿಳಿ ಉಂಡೆಗಳನ್ನು ತೋರಿಸಿ. ಹೆಜ್ಜೆ ಜಾಡು ಬಲ್ಲ ರೇಂಜರ್‌ಗೆ ಅಷ್ಟು ಸಾಕು.

* * *

ಉತ್ತರ 3: ಮೇಲಿನ ಲೆಕ್ಕಗಳೆಲ್ಲ ಒಪ್ಪಿದೆ, ಆದರೆ ಮೂಲಕಥೆ ಕೊನೆಗೆ ಎಂಬುದಕ್ಕೆ ನನ್ನ ತಕರಾರಿದೆ. ಮೂಲಕಥೆ ಕೆಡುವುದು ಅದು ಒಂದೇ ಬಾಯಲ್ಲಿ ಬಂದಾಗ. ನಮ್ಮ ಪುರಾಣದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಉತ್ತರಕಾಂಡದಲ್ಲಿ ಬ್ರಹ್ಮ ನೀರನ್ನು ಸೃಷ್ಟಿಸಿ, ಕಾಯಲು ಜೀವಿಗಳನ್ನು ಹುಟ್ಟಿಸುತ್ತಾನೆ. ‘ರಕ್ಷಾಮಃ’ ಎಂದವರು ರಾಕ್ಷಸರು, ‘ಯಕ್ಷಾಮಃ’ ಎಂದವರು ಯಕ್ಷರು. ಹೆಸರಿನಲ್ಲೇ ಕಾವಲುಗಾರ ಇದ್ದಾನೆ. ಲಂಕೆಯಲ್ಲಿ ಮೊದಲು ಇದ್ದವನು ಸುಮಾಲಿ; ಅವನು ಬಿಟ್ಟೋಡಿದ ಮೇಲೆ ಕುಬೇರ; ಆಮೇಲೆ ಸುಮಾಲಿಯ ಮೊಮ್ಮಗ ರಾವಣ ಅಜ್ಜನ ಊರೆಂದು ಕೇಳುತ್ತಾನೆ. ಕುಬೇರ ಅವನ ಮಲಸಹೋದರ. ಇಬ್ಬರಿಗೂ ಹಕ್ಕಿದೆ, ಜಗಳಕ್ಕೆ ಅಷ್ಟು ಸಾಕು.

ರೂನ್‌ಕ್ವೆಸ್ಟ್ (1978) ಆಟದ ಗ್ಲೊರಾಂಥಾ ಲೋಕದ ಟ್ರೋಲ್‌ಗಳದ್ದೂ ಇದೇ ಜಾತಿಯ ಕಥೆ. ಪಾತಾಳದ ಕತ್ತಲಲ್ಲಿ ಸುಖವಾಗಿದ್ದವರ ಮೇಲೆ, ಸತ್ತ ಸೂರ್ಯ ದೇವರು ಬಂದು ಬಿದ್ದ, ಬೆಳಕು ಸುಟ್ಟಿತು, ಮೇಲಕ್ಕೆ ಓಡಿಬಂದರು. ಮನುಷ್ಯರ ಕಣ್ಣಿಗೆ ದಂಡೆತ್ತಿ ಬಂದವರು, ತಮ್ಮ ಲೆಕ್ಕದಲ್ಲಿ ನಿರಾಶ್ರಿತರು.

ಹಾಗಾಗಿ ಒಂದು ಘಟನೆ, ಎರಡು ಬಾಯಿ, ಇಂದಿಗೂ ನಡೆಯುವ ಒಂದು ಪದ್ಧತಿ, ಈ ಮೂರನ್ನೇ ಬರೆಯಿರಿ. ಕೊಬೋಲ್ಡ್ ಉದಾಹರಣೆ. ಗಣಿ ತೋಡುವ ಕುಳ್ಳ ಜನರಾದ ಡ್ವಾರ್ಫ್‌ಗಳ ಪ್ರಕಾರ ಇವರು ಗಣಿಗೆ ನುಗ್ಗಿದ ಕಳ್ಳರು. ಕೊಬೋಲ್ಡ್‌ಗಳ ಪ್ರಕಾರ ಬಿಸಿನೀರಿನ ಬುಗ್ಗೆಯಿದ್ದ ಆ ಸುರಂಗ ತಮ್ಮ ಮೊಟ್ಟೆಮನೆ; ಗಣಿಯವರು ನೀರು ಬಸಿದದ್ದಕ್ಕೆ ಒಂದು ವರ್ಷದ ಮೊಟ್ಟೆಗಳೆಲ್ಲ ತಣ್ಣಗಾದವು. ಪದ್ಧತಿ: ಸೆರೆಸಿಕ್ಕ ಡ್ವಾರ್ಫ್ ಒಂದು ರಾತ್ರಿ ಮೊಟ್ಟೆಯೊಂದನ್ನು ಎದೆಗವಚಿ ಕೂರಬೇಕು, ಬೆಳಗ್ಗೆ ಅದು ಬೆಚ್ಚಗಿದ್ದರೆ ಬಿಡುಗಡೆ.

ಹೆಸರನ್ನೂ ನೋಡಿ. ಜರ್ಮನ್ ಗಣಿಗಾರರು ಅದಿರು ಕಾಯಿಸಿದಾಗ ಬೆಳ್ಳಿ ಬರದೆ ವಿಷದ ಹೊಗೆ ಎದ್ದರೆ ಕೊಬೋಲ್ಡ್ ಕಾಟ ಎನ್ನುತ್ತಿದ್ದರು. ಕೋಬಾಲ್ಟ್ ಲೋಹದ ಹೆಸರು ಬಂದದ್ದು ಹೀಗೆ. ಅಂದರೆ ಅದು ಬೈಗುಳ. ನಿಮ್ಮ ಕುಲಕ್ಕೆ ತನ್ನನ್ನು ತಾನು ಕರೆದುಕೊಳ್ಳುವ ಇನ್ನೊಂದು ಹೆಸರು ಇರಲಿ.

* * *

ಉತ್ತರ 4: ಕಣ್ಣು ಮರೆತಿರಿ. ಡಂಜನ್ಸ್ ಆಂಡ್ ಡ್ರ್ಯಾಗನ್ಸ್‌ನ 2014ರ ನಿಯಮದಲ್ಲಿ ಕೊಬೋಲ್ಡ್‌ಗೆ ಡಾರ್ಕ್‌ವಿಷನ್ (ಕತ್ತಲಲ್ಲಿ ಕಾಣುವ ಶಕ್ತಿ) 60 ಅಡಿ, ಕತ್ತಲಲ್ಲಿ ಬಣ್ಣ ಕಾಣುವುದಿಲ್ಲ, ಬರೀ ಬೂದು. ಬಿಸಿಲಿನಲ್ಲಿ ಏಟು ಗುರಿ ತಪ್ಪುತ್ತದೆ. ಹಾಗಿರುವಾಗ ಸುರಂಗದ ಗೋಡೆಗೆ ಕೆಂಪು ಬಣ್ಣದ ಎಚ್ಚರಿಕೆ ಏಕೆ? ಮೊಣಕಾಲೆತ್ತರದಲ್ಲಿ ಕೆತ್ತಿದ ಗೀರು ಇರಲಿ: ಎರಡು ಗೀರು ದಾರಿ, ಮೂರು ಗೀರು ಬೋನು. ಸಂಧಾನ ಮುಸ್ಸಂಜೆಗೆ, ಇಬ್ಬರಿಗೂ ಅರೆಬರೆ ಕಾಣುವ ಹೊತ್ತಿಗೆ.

ಆಯಸ್ಸನ್ನೂ ಲೆಕ್ಕ ಹಾಕಿ. ಗಾಬ್ಲಿನ್ ಎಂಬ ಇನ್ನೊಂದು ಕುಲಕ್ಕೆ ಹತ್ತು ವರ್ಷಕ್ಕೊಂದು ತಲೆಮಾರು ಎಂದುಕೊಂಡರೆ, 120 ವರ್ಷದ ಹಿಂದಿನ ಒಪ್ಪಂದ ಅವರಿಗೆ 12 ತಲೆಮಾರಿನ ಪುರಾಣ, ಮನುಷ್ಯರಿಗೆ ಐದು ತಲೆಮಾರಿನ ಕಾಗದ. ಸಹಿ ಹಾಕಿದ ದೀರ್ಘಾಯುಷಿ ಎಲ್ಫ್ ಇನ್ನೂ ಬದುಕಿದ್ದಾಳೆ.

* * *

ಉತ್ತರ 5: ಇಷ್ಟೂ ಬರೆದಿಟ್ಟುಕೊಂಡು ಆಟದ ದಿನ ಓದಿ ಹೇಳಬೇಡಿ, ಪ್ಲೇಯರ್‌ಗಳು ಫೋನ್ ತೆಗೆಯುತ್ತಾರೆ. ಒಂದು ಕುಲಕ್ಕೆ ಮೂರು ಚೀಟಿ: ಕಣ್ಣಿಗೆ ಬೀಳುವುದೊಂದು, ಕುಲದವರು ಬೇಡುವುದೊಂದು, ಅವರು ಎಂದೂ ಮಾಡದ್ದೊಂದು.

ಮಕ್ಕಳ ವಿಷಯ ಮಾತ್ರ ಮುಂಚೆಯೇ ತೀರ್ಮಾನಿಸಿ. 1979ರ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್ ಮಾಡ್ಯೂಲ್‌ನ (ಸಿದ್ಧ ಸಾಹಸಕಥೆಯ ಪುಸ್ತಿಕೆಯ) ಗುಹೆಗಳಲ್ಲೇ ಹೆಣ್ಣುಗಳ, ಮರಿಗಳ ಸಂಖ್ಯೆ ಬರೆದಿದ್ದರು; ಯೋಧರೆಲ್ಲ ಸತ್ತ ಮೇಲೆ ಇವರನ್ನೇನು ಮಾಡುವುದು ಎಂಬ ಜಗಳ ಅಂದಿನಿಂದಲೂ ಟೇಬಲ್‌ಗಳಲ್ಲಿ ನಡೆದಿದೆ. ಮೊದಲು ಹೇಳಿದ ಓರ್ಕ್ ಕುಲದ ಆ 200ರಲ್ಲಿ 150 ಮಂದಿ ಕಾದಾಡದವರು. ಮೊದಲ ಕೊಂಬು ಊದಿದಾಗ ಅವರು ಯಾವ ಸುರಂಗದಿಂದ ಹೊರಡುತ್ತಾರೆ, ಕಾದಾಟದ ಎಷ್ಟು ಸುತ್ತಿನ ಹೊತ್ತು ಬೇಕು, ಬಾಗಿಲು ಕಾಯುವ ಹತ್ತು ಯೋಧರು ಯಾರು ಎಂದು ನಕ್ಷೆಯಲ್ಲೇ ಬರೆದಿಡಿ. ಕೊನೆಯ ಕೂಸು ದಾಟಿದ ಕೂಡಲೇ ಆ ಹತ್ತು ಮಂದಿಯೂ ಕಾದಾಟ ಬಿಟ್ಟು ಹಿಂದೆ ಸರಿಯುತ್ತಾರೆ.